ಲೀಟರಿಗೆಷ್ಟು ನಿದ್ದೆ

ನನ್ನ ಬಾಯಿಗೆ ಒಂದು ಚಟವಿದೆ. ಗಾಡಿ ಕಂಡರೆ ಸಾಕು, "ಎಷ್ಟು ಕೊಡುತ್ತೆ?" ಎಂದು ಕೇಳಿಬಿಡುತ್ತೇನೆ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು. ಮಗಳನ್ನು ನೋಡಲು ಹುಡುಗ ಬೈಕಿನಲ್ಲಿ ಬಂದಾಗ ಅವನ ಕೆಲಸ, ಸಂಬಳ ವಿಚಾರಿಸುವ ಮೊದಲು ನಾನು ಕೇಳಿದ್ದು ಇದನ್ನೇ. ಒಂದು ಸಲ ಸಾವಿನ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಾಗ, ಹೆಣ ಸಾಗಿಸಲು ಬಂದಿದ್ದ ವ್ಯಾನಿನ ಡ್ರೈವರನ್ನೂ ಕೇಳಿಬಿಟ್ಟಿದ್ದೆ. ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದುಃಖಕ್ಕೋ ನಾಚಿಕೆಗೋ, ನಾನು ವಿಚಾರಿಸಲು ಹೋಗಲಿಲ್ಲ.

ಮೂವತ್ತನಾಲ್ಕು ವರ್ಷ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತವನು ನಾನು. ಕೊನೆಗೆ ಫೋರ್‌ಮನ್ ಆಗಿ ನಿವೃತ್ತನಾದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೋಪ ಮೂಗಿನ ತುದಿಗೆ ಬರುತ್ತಿತ್ತು. ಆ ಚಾಳಿ ಮನೆಗೂ ಬಂತು. ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಪಾಕೆಟ್ ಡೈರಿ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಒಂದು ಮೋಟು ಪೆನ್ಸಿಲ್. ಟ್ಯಾಂಕು ತುಂಬಿಸಿದ ದಿನ ಮೀಟರ್ ಬರೆದುಕೊಳ್ಳುವುದು, ಮುಂದಿನ ಸಲ ತುಂಬಿಸುವಾಗ ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸುವುದು. ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕ ಅಂದರೆ ಇದು. ಬೇರೆ ಯಾವ ಲೆಕ್ಕವನ್ನೂ ನಾನು ನಂಬುವವನಲ್ಲ.

ಆಗ ಸ್ಕೂಟರ್ ಓಡಿಸಿದವರಿಗೆಲ್ಲ ಒಂದು ವಿದ್ಯೆ ಗೊತ್ತಿತ್ತು. ಇಳಿಜಾರು ಬಂದರೆ ನ್ಯೂಟ್ರಲ್ ಮಾಡಿ ಎಂಜಿನ್ನೇ ಆರಿಸಿಬಿಡುವುದು. ಗಾಡಿ ತನ್ನ ಪಾಡಿಗೆ ತಾನು ಜಾರಿಕೊಂಡು ಹೋಗುತ್ತದೆ, ಒಂದು ಹನಿ ಪೆಟ್ರೋಲೂ ಖರ್ಚಿಲ್ಲ. ಸಿಗ್ನಲ್ಲಿನಲ್ಲೂ ಹಾಗೇ, ನ್ಯೂಟ್ರಲ್. ರಾಜಾಜಿನಗರ, ಬಸವೇಶ್ವರನಗರದ ಏರಿಳಿತಗಳನ್ನೆಲ್ಲ ನಾನು ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದೆ. ಎಲ್ಲಿ ಆರಿಸಿದರೆ ಯಾವ ಅಂಗಡಿಯವರೆಗೆ ಜಾರಬಹುದು, ಎದುರುಗಾಳಿಯಿದ್ದರೆ ಎಷ್ಟು ಮೊದಲೇ ನಿಂತುಹೋಗುತ್ತದೆ ಎಂದೆಲ್ಲ ಈಗಲೂ ಹೇಳಬಲ್ಲೆ.

ಹೆಂಡತಿಯ ತವರು ಕೆಂಗೇರಿ. ರಾಗಿ, ಅವರೆ ಬೆಳೆಯುತ್ತಿದ್ದ ಮನೆತನ. ಹೊಲಗಳೆಲ್ಲ ಸೈಟುಗಳಾದ ಮೇಲೂ ಹಳೇ ಮನೆ ಹಾಗೇ ಇದೆ, ಈಗ ಅವಳ ತಂಗಿಯ ಸಂಸಾರ ಅಲ್ಲಿದೆ. ಮದುವೆಯಾದ ಹೊಸತರಲ್ಲಿ ಶನಿವಾರ ಅಲ್ಲಿ ಊಟ ಮಾಡಿಕೊಂಡು ಸ್ಕೂಟರಿನಲ್ಲಿ ವಾಪಸು ಬರುತ್ತಿದ್ದೆವು. ನಾಗರಬಾವಿ ಕಡೆ ಆಗ ಮನೆಗಳು ಕಡಿಮೆ, ರಸ್ತೆಯುದ್ದಕ್ಕೂ ಹುಣಸೆ ಮರಗಳು. ಇಳಿಜಾರಿನ ತುದಿಯಲ್ಲಿ ನಾನು ಎಂಜಿನ್ ಆರಿಸುತ್ತಿದ್ದೆ. ಆ ಗಡಗಡ ಸದ್ದು ಥಟ್ಟನೆ ನಿಂತು, ಟೈರಿನ ಸಣ್ಣ ಸದ್ದು, ಗಾಳಿ, ದೂರದಲ್ಲೆಲ್ಲೋ ಎಮ್ಮೆಯ ಕೊರಳ ಗಂಟೆ ಮಾತ್ರ ಉಳಿಯುತ್ತಿದ್ದವು. ಸರಿಯಾಗಿ ಆ ಹೊತ್ತಿಗೆ ಅವಳ ಕೆನ್ನೆ ನನ್ನ ಬೆನ್ನಿಗೆ ಬಂದು ಒರಗುತ್ತಿತ್ತು.

"ಬೀಳ್ತೀಯ ಕಣೇ, ಗಟ್ಟಿಯಾಗಿ ಹಿಡ್ಕೋ."

"ಹ್ಞೂಂ" ಎನ್ನುವಳು, ಆ ಹ್ಞೂಂ ಮುಗಿಯುವ ಮೊದಲೇ ನಿದ್ದೆ. ನನ್ನ ಸೊಂಟ ಬಳಸಿದ ಅವಳ ಎರಡೂ ಕೈಗಳ ಮೇಲೆ ನನ್ನ ಎಡಗೈ ಇಟ್ಟುಕೊಂಡು ಇಳಿಯುತ್ತಿದ್ದೆ. ಮನೆಗೆ ಬಂದು ನೋಡಿದರೆ ಅಂಗಿಯ ಬೆನ್ನಿನ ಮೇಲೆ ಜೊಲ್ಲಿನ ಗುರುತು. ಅಂಥ ನಿದ್ದೆಯ ಹೆಂಗಸು ಅವಳು. ಮಿಕ್ಸಿ ತಿರುಗುತ್ತಿದ್ದರೂ ನಿದ್ದೆ ಮಾಡುವಳು, ಮದುವೆ ಮನೆಯ ವಾಲಗದ ಪಕ್ಕದಲ್ಲೂ ನಿದ್ದೆ ಮಾಡುವಳು. ಅವಳನ್ನು ಕುಂಭಕರ್ಣನ ತಂಗಿ ಎಂದು ರೇಗಿಸುತ್ತಿದ್ದೆ.

ಆಮೇಲೆ ನನ್ನ ಅಮ್ಮನಿಗೆ ಲಕ್ವ ಹೊಡೆಯಿತು.

ಆರು ವರ್ಷ ಅಮ್ಮ ಹಾಸಿಗೆಯಲ್ಲಿದ್ದರು. ಮಾತು ಹೊರಡುತ್ತಿರಲಿಲ್ಲ. ಏನಾದರೂ ಬೇಕಾದರೆ ಗಂಟಲಿನಿಂದ 'ಗುರ್‌ರ್' ಎಂದೊಂದು ಸದ್ದು ಬರುತ್ತಿತ್ತು, ಅಷ್ಟೇ. ಆ ಸದ್ದಿಗೆ ಏಳುತ್ತಿದ್ದವಳು ನನ್ನ ಹೆಂಡತಿ. ಮಗ್ಗುಲು ಬದಲಿಸಲು, ನೀರು ಹನಿಸಲು, ಬಟ್ಟೆ ಬದಲಿಸಲು, ರಾತ್ರಿಗೆ ಐದು ಸಲ, ಆರು ಸಲ. ನಾನು? ನಾನು ನಿದ್ದೆ ಮಾಡಿದೆ. ಮೊದಲ ಪಾಳಿ, ಬೆಳಿಗ್ಗೆ ಐದಕ್ಕೆ ಏಳಬೇಕು ಎಂಬ ನೆಪವಿತ್ತು. ನಿವೃತ್ತನಾದ ಮೇಲೆ ಆ ನೆಪವೂ ಇರಲಿಲ್ಲ. ಆಗಲೂ ನಿದ್ದೆ ಮಾಡಿದೆ. ಒಂದೆರಡು ಸಲ ಎಚ್ಚರವಾಗಿದ್ದೂ ಉಂಟು, ಅವಳು ಹೇಗೂ ಎದ್ದಿದ್ದಾಳಲ್ಲ ಎಂದು ಮಗ್ಗುಲಾಗಿದ್ದೂ ಉಂಟು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೆ ನಡೆದದ್ದು ನಡೆದ ಹಾಗೆ ಬರೆಯಬೇಕಲ್ಲ.

ಅಮ್ಮ ಹೋದರು. ತಿಥಿಯ ಪಾತ್ರೆಗಳನ್ನು ತೊಳೆದಿಟ್ಟ ಮೇಲೆ, ಇನ್ನು ಇವಳು ಒಂದು ತಿಂಗಳು ಏಳುವುದಿಲ್ಲ ಬಿಡು ಎಂದುಕೊಂಡೆ. ನಿದ್ದೆ ಬರಲಿಲ್ಲ. ಕಣ್ಣು ಮುಚ್ಚುವಳು, ಹತ್ತು ನಿಮಿಷಕ್ಕೆ ಬೆಚ್ಚಿ ಏಳುವಳು, ಆಮೇಲೆ ಬೆಳಗಿನವರೆಗೂ ಹಾಗೇ. ನಮ್ಮ ರಸ್ತೆಯ ಕ್ಲಿನಿಕ್ಕಿನ ಡಾಕ್ಟರು ಮಾತ್ರೆ ಕೊಟ್ಟರು. ಅದನ್ನು ನುಂಗಿದ ಮೂರನೇ ಬೆಳಿಗ್ಗೆ ತಲೆಸುತ್ತಿ ಬಚ್ಚಲಿನಲ್ಲಿ ಬಿದ್ದು ಹುಬ್ಬಿನ ಮೇಲೆ ಹೊಲಿಗೆ ಹಾಕಿಸಿಕೊಂಡಳು. ಬಿ.ಪಿ. ಏರಿತು. "ನಿದ್ದೆ ಆಗದೆ ಹೋದ್ರೆ ಇದು ಇಳಿಯಲ್ಲ ಸಾರ್, ಮುಂದೆ ಕಷ್ಟ ಆಗುತ್ತೆ" ಎಂದರು ಡಾಕ್ಟರು. ಅವಳು ಮಾತ್ರ ನಗುತ್ತಾ, "ಮರ್ತೋಗಿದೆ ರೀ. ಈಜು ಮರ್ತೋಗಲ್ಲ ಅಂತಾರೆ, ನಿದ್ದೆ ಮರ್ತೋಗುತ್ತೆ ನೋಡಿ" ಎಂದಳು. ನನಗೆ ನಗು ಬರಲಿಲ್ಲ.

ತಲೆಸುತ್ತು ಬರುವವಳನ್ನು ಸ್ಕೂಟರಿನಲ್ಲಿ ಕೂರಿಸುವ ಹಾಗಿರಲಿಲ್ಲ. ಹಾಗಾಗಿ ಕಾರು. ವಿಜಯನಗರದಲ್ಲಿರುವ ಮಗಳು, "ನಿಮಗ್ಯಾಕಪ್ಪಾ ಅಷ್ಟು ದೊಡ್ಡ ಕಾರು, ಸಣ್ಣದು ಸಾಕು" ಎಂದಳು. ಆದರೆ ನನ್ನ ಕಣ್ಣು ಹೈಬ್ರಿಡ್ ಮೇಲೆ ಬಿದ್ದಾಗಿತ್ತು. ಒಂದೇ ಗಾಡಿಯೊಳಗೆ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ನಿಧಾನವಾಗಿ ಹೋಗುವಾಗ ಬ್ಯಾಟರಿಯೊಂದೇ ಸದ್ದಿಲ್ಲದೆ ಎಳೆಯುತ್ತದೆ. ಬ್ಯಾಟರಿ ಇಳಿದರೆ ಎಂಜಿನ್ ತಾನೇ ಎದ್ದು ಅದನ್ನು ತುಂಬಿಸುತ್ತದೆ. ಚಾರ್ಜಿಗೆ ಹಾಕುವ ರಗಳೆಯಿಲ್ಲ. ಶೋರೂಮಿನವನು ಲೀಟರಿಗೆ ಇಪ್ಪತ್ತೇಳು ಚಿಲ್ಲರೆ ಎಂದ. ಇಪ್ಪತ್ತೇಳು! ಅವನು ಮುಂದೆ ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಆ ದಿನ ಕಿವಿ ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮೊದಲ ಟ್ಯಾಂಕು ಮುಗಿದ ದಿನ ಅದೇ ಬಂಕಿಗೆ, ಅದೇ ಪಂಪಿಗೆ ಹೋದೆ. ಪೈಪು ಟಕ್ ಎಂದು ತಾನೇ ನಿಂತಿತು.

"ಆಯ್ತು ಸಾರ್, ಫುಲ್."

"ಹೋದ್ಸಲ ಕತ್ತಿನವರೆಗೂ ಹಾಕಿದ್ದೆ ಕಣಪ್ಪಾ. ಇನ್ನೂ ಹಿಡಿಯುತ್ತೆ, ಹಾಕು" ಎಂದು ಕಾರಿನ ಹಿಂಭಾಗ ಹಿಡಿದು ಅಲ್ಲಾಡಿಸಿದೆ. ಹಿಂದೆ ನಿಂತಿದ್ದ ಆಟೋದವನು ಹಾರ್ನ್ ಹೊಡೆದ. "ಯಜಮಾನ್ರೇ, ಮಗೂಗೆ ಹಾಲು ಕುಡಿಸ್ತಾ ಇದೀರಾ?" ಎಂದ. ಅವನ ಮಾತಿಗೆ ಸೊಪ್ಪು ಹಾಕದೆ ಡೈರಿ ತೆಗೆದು ಭಾಗಿಸಿದೆ. ಹದಿನೇಳು ಕಾಲು. ಮತ್ತೆ ಭಾಗಿಸಿದೆ. ಹದಿನೇಳು ಕಾಲೇ.

ಮೈಯೆಲ್ಲ ಉರಿದುಹೋಯಿತು. ನಾನು ಎಷ್ಟು ಜೋಪಾನವಾಗಿ ಓಡಿಸಿದ್ದೆ! ವೇಗ ನಲವತ್ತು ದಾಟಿಸಿರಲಿಲ್ಲ. ಸಿಗ್ನಲ್ ಬಂದರೆ ನ್ಯೂಟ್ರಲ್, ಇಳಿಜಾರು ಬಂದರೆ ನ್ಯೂಟ್ರಲ್. ಈ ಕಾರಿನಲ್ಲಿ ಗೇರುಗಳೇ ಇಲ್ಲ, ಮುಂದಕ್ಕೆ ಹೋಗಲು 'ಡಿ', ನ್ಯೂಟ್ರಲ್ಲಿಗೆ 'ಎನ್', ಅಷ್ಟೇ. ಡಿಯಿಂದ ಎನ್‌ಗೆ, ಎನ್‌ನಿಂದ ಡಿಗೆ ದಿನಕ್ಕೆ ನೂರು ಸಲ ತಳ್ಳುತ್ತಿದ್ದೆ. ಆದರೂ ಹದಿನೇಳು ಕಾಲು.

ಅದೇ ವಾರ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಕಾರು ಕೊಂಡವರು ತೃಪ್ತರಾಗಿದ್ದಾರೆಯೇ ಎಂದು ತಿಳಿದುಕೊಳ್ಳುವ ಕೆಲಸವಂತೆ ಅವಳದು.

"ಮೈಲೇಜ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಸಾರ್?"

"ಎರಡು."

"ಎರಡಾ ಸಾರ್?"

"ಅದೂ ನೀನು ಮರ್ಯಾದೆಯಿಂದ ಕೇಳಿದ್ದಕ್ಕೆ ಕಣಮ್ಮಾ. ಇಲ್ಲಾಂದ್ರೆ ಸೊನ್ನೆ." ಆಮೇಲೆ ಹತ್ತು ನಿಮಿಷ ನನ್ನ ಸ್ಕೂಟರಿನ ಚರಿತ್ರೆಯಿಂದ ಹಿಡಿದು ಎಲ್ಲವನ್ನೂ ಹೇಳಿ ಬೈದೆ. ಪಾಪ, ಆ ಹುಡುಗಿ ಎಲ್ಲಕ್ಕೂ "ಓಕೆ ಸಾರ್" ಎಂದಳು. "ಕೆಲವು ತಿಂಗ್ಳು ಬಿಟ್ಟು ಮತ್ತೆ ಫೋನ್ ಬರುತ್ತೆ ಸಾರ್" ಎಂದು ಇಟ್ಟಳು. ಅಡುಗೆಮನೆಯಿಂದ ಹೆಂಡತಿ, "ಅವಳೇನ್ರೀ ಮಾಡಿದ್ಲು, ಕಾರನ್ನ ಅವಳು ಹೆತ್ತಿದ್ಲಾ?" ಎಂದಳು.

ಒಂದು ಶನಿವಾರ ಕೆಂಗೇರಿಯಲ್ಲಿ ಮುದ್ದೆ, ಬಸ್ಸಾರು ಉಂಡು ಹೊರಟೆವು. ಮೈಸೂರು ರಸ್ತೆಯಲ್ಲಿ ಮೆಟ್ರೋ ಕಂಬಗಳ ನೆರಳು ಒಂದಾದ ಮೇಲೊಂದು ನಮ್ಮ ಮೇಲೆ ಹಾದುಹೋಗುತ್ತಿತ್ತು. ಮುಂದೆ ಮರಳು ಲಾರಿ, ಅದರ ಹಿಂದೆ ಇಡೀ ರಸ್ತೆ ಮೆಲ್ಲಗೆ ತೆವಳುತ್ತಿತ್ತು. ಕಾರು ಬ್ಯಾಟರಿಯಲ್ಲೇ ಚಲಿಸುತ್ತಿತ್ತು. ಏನೂ ಸದ್ದಿಲ್ಲ. ಏ.ಸಿ.ಯ ತಣ್ಣನೆ ಗಾಳಿ, ಬಿಸಿಲು, ನೆರಳು, ಬಿಸಿಲು, ನೆರಳು. ನಾನು ಏನೋ ಕೇಳಿದೆ, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅವಳ ತಲೆ ಸೀಟ್‌ಬೆಲ್ಟಿನ ಮೇಲೆ ವಾಲಿತ್ತು, ಬಾಯಿ ಒಂಚೂರು ತೆರೆದಿತ್ತು.

ನಿದ್ದೆ ಮಾಡುತ್ತಿದ್ದಳು.

ನನಗೆ ಉಸಿರು ಬಿಡಲೂ ಭಯವಾಯಿತು. ಹೊಲಿಗೆಯ ಗುರುತಿದ್ದ ಹುಬ್ಬಿನ ಬಿಗಿತ ಸಡಿಲವಾಗಿತ್ತು. ಹೊರಗೆ ಹಾರ್ನುಗಳು, ಹೂವಿನವಳ ಕೂಗು, ಎಲ್ಲವೂ ಗಾಜಿನಾಚೆ ಯಾವುದೋ ಬೇರೆ ಊರಿನಲ್ಲಿ ನಡೆಯುತ್ತಿರುವಂತೆ ಕೇಳಿಸುತ್ತಿತ್ತು. ಹಿಂದೆ ಹುಣಸೆ ಮರಗಳಿದ್ದ ಆ ಇಳಿಜಾರು ಬಂತು. ಈಗ ಮರಗಳಿಲ್ಲ, ಕಟ್ಟಡಗಳು. ಆದರೂ ಒಂದು ಗಳಿಗೆ ನನ್ನ ಬೆನ್ನಿಗೆ ಅವಳ ಕೆನ್ನೆ ತಾಕಿದ ಹಾಗಾಯಿತು. ಅಭ್ಯಾಸದ ಮೇಲೆ ಕೈ ಹೋಗಿ ಎನ್‌ಗೆ ತಳ್ಳಿತು. ಕಾರು ಜಾರಿತು. ಕೆಳಗೆ ಬಂದು ಡಿಗೆ ಹಾಕಿದೆನೋ ಇಲ್ಲವೋ, ಎಂಜಿನ್ 'ಗುರ್‌ರ್' ಎಂದು ಎದ್ದಿತು.

ಅವಳು ಬೆಚ್ಚಿ ನೆಟ್ಟಗೆ ಕುಳಿತಳು. ಕೈ ಆಗಲೇ ಸೀಟ್‌ಬೆಲ್ಟಿನ ಗುಂಡಿಯನ್ನು ಹುಡುಕುತ್ತಿತ್ತು. "ಅತ್ತೆ ಕೂಗಿದ್ರಾ?" ಎಂದಳು.

"ಇಲ್ಲ ಕಣೇ. ಎಂಜಿನ್ನು" ಎಂದೆ. "ಓ" ಎಂದಳು. ಮತ್ತೆ ಮಲಗಲಿಲ್ಲ. ಹನ್ನೊಂದು ನಿಮಿಷ ನಿದ್ದೆ ಮಾಡಿದ್ದಳು. ಮನೆಗೆ ಬಂದು ಡೈರಿಯ ಹಿಂದಿನ ಪುಟದಲ್ಲಿ ಹನ್ನೊಂದು ಎಂದು ಬರೆದೆ. ಯಾಕೆ ಬರೆದೆನೋ ಗೊತ್ತಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಮಧ್ಯಾಹ್ನದ ಊಟವಾದ ಕೂಡಲೇ, "ನಡಿಯೇ, ಒಂದ್ ರೌಂಡ್ ಹೋಗ್ಬರೋಣ" ಎನ್ನುತ್ತಿದ್ದೆ. ಬ್ಯಾಂಕಿಗೆ, ಬಿನ್ನಿಪೇಟೆಯ ಹಳೇ ಸ್ನೇಹಿತನ ಮನೆಗೆ, ಹೊಸಹಳ್ಳಿಗೆ ತರಕಾರಿಗೆ. ತರಕಾರಿ ನಮ್ಮ ಮನೆಯ ಬಾಗಿಲಿಗೇ ಬರುತ್ತದೆ, ಅವಳಿಗೂ ಗೊತ್ತು. ಬಂದು ಕೂರುತ್ತಿದ್ದಳು. ಒಂಬತ್ತು ನಿಮಿಷ, ಹದಿನಾಲ್ಕು ನಿಮಿಷ, ಆರು. ಪ್ರತಿ ಸಲವೂ ಕೊನೆಯಲ್ಲಿ ಆ ಎಂಜಿನ್, ಪ್ರತಿ ಸಲವೂ "ಅತ್ತೆ ಕೂಗಿದ್ರಾ?" ಮನೆಯ ಮಂಚದ ಮೇಲೆ ಬಾರದ ನಿದ್ದೆ ಈ ಸದ್ದಿಲ್ಲದ ಗಾಡಿಯಲ್ಲಿ ಬರುತ್ತಿತ್ತು. ಆದರೆ ನಿಲ್ಲುತ್ತಿರಲಿಲ್ಲ. ಥೂ, ಎಂಥ ದರಿದ್ರ ಗಾಡಿ ಕಟ್ಟಿಕೊಂಡೆನಪ್ಪಾ ಎಂದು ದಿನವೂ ಶಪಿಸುತ್ತಿದ್ದೆ. ಮೈಲೇಜೂ ಇಲ್ಲ, ನಿದ್ದೆಯೂ ಇಲ್ಲ.

ಇಲ್ಲಿ ಹೆಂಡತಿಯ ತಂಗಿಯ ವಿಷಯ ಹೇಳಬೇಕು. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳದೂ ಇದೇ ಕಾರು, ಬಣ್ಣ ಮಾತ್ರ ಬೇರೆ. ನನ್ನನ್ನು ರೇಗಿಸುವುದೆಂದರೆ ಅವಳಿಗೆ ಹಬ್ಬ.

"ಭಾವ, ನಿಮ್ ಕಾರು ಪೆಟ್ರೋಲ್ ಕುಡಿಯುತ್ತೋ, ಸ್ನಾನ ಮಾಡುತ್ತೋ? ನಂಗೆ ಇಪ್ಪತ್ಮೂರು ಬರ್ತಿದೆ."

"ಸುಳ್ಳು. ಗಾಡಿ ಪರದೆ ಮೇಲೆ ತೋರ್ಸೋದನ್ನ ನಂಬ್ತೀಯ ನೀನು."

"ಟ್ಯಾಂಕಿಂದ ಟ್ಯಾಂಕಿಗೇ ಲೆಕ್ಕ ಹಾಕಿದೀನಿ ಭಾವ. ಭಾಗಾಕಾರ ನಂಗೂ ಬರುತ್ತೆ."

ಹೊಟ್ಟೆ ಉರಿಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಮೂವತ್ತನಾಲ್ಕು ವರ್ಷ ಯಂತ್ರದ ಜೊತೆ ಬಾಳಿದವನಿಗೆ ಹದಿನೇಳು, ಈ ಟೀಚರಮ್ಮನಿಗೆ ಇಪ್ಪತ್ಮೂರು!

ಮುಂದಿನ ಶನಿವಾರ ಅವಳಿಗೆ ವಿಜಯನಗರದಲ್ಲಿ ಟೈಲರ್ ಹತ್ತಿರ ಕೆಲಸವಿತ್ತು. ನಮ್ಮ ಜೊತೆಗೇ ಹೊರಟು ಹಿಂದಿನ ಸೀಟಿನಲ್ಲಿ ಕುಳಿತಳು. ಮುಂದೆ ನನ್ನ ಪಕ್ಕದಲ್ಲಿ ಅವಳಕ್ಕ, ಆಗಲೇ ನಿದ್ದೆಗೆ ಜಾರಿದ್ದಳು. ಇಳಿಜಾರಿನ ತುದಿಯಲ್ಲಿ ನನ್ನ ಕೈ ಎನ್‌ಗೆ ತಳ್ಳಿದ್ದನ್ನು ಕಂಡು ಹಿಂದಿನಿಂದ ಪಿಸುದನಿ ಬಂತು: "ಭಾವ! ಏನ್ ಮಾಡಿದ್ರಿ ಈಗ?"

ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದೆ. ಕೆಳಗೆ ಬಂದೆವು. ಎಂಜಿನ್ ಗುರ್‌ರ್ ಎಂದಿತು. ಹೆಂಡತಿ ಬೆಚ್ಚಿದಳು. "ಅತ್ತೆ ಕೂಗಿದ್ರಾ?"

ತಂಗಿ ಅದನ್ನು ಕೇಳಿದ್ದು ಅದೇ ಮೊದಲು. ವಿಜಯನಗರ ಬಂತು. ಅಕ್ಕನ ಕೈಗೆ ಬಟ್ಟೆಗಂಟು ಕೊಟ್ಟು ಟೈಲರ್ ಅಂಗಡಿಯೊಳಗೆ ಕಳಿಸಿ, ನನ್ನನ್ನು ಕಾರಿನಿಂದ ಇಳಿಸಿ ಫುಟ್‌ಪಾತಿನಲ್ಲಿ ನಿಲ್ಲಿಸಿದಳು. ಕಣ್ಣಿನಲ್ಲಿ ನೀರು.

"ಯಾವಾಗಿಂದ ಹೀಗೆ?"

"ಅಮ್ಮ ಹೋದಾಗಿಂದ."

"ಆರ್ ವರ್ಷ ಅವಳೊಬ್ಳೇ ಎದ್ಲಲ್ಲಾ ಭಾವ" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದಳು: "ಈ ಗಾಡಿಗೆ ಇಳಿಜಾರೇ ಊಟ ಭಾವ. ಡಿಯಲ್ಲೇ ಬಿಟ್ಟು ಮೆತ್ತಗೆ ಬ್ರೇಕ್ ಒತ್ತಿದ್ರೆ ಚಕ್ರ ತಿರುಗೋ ಶಕ್ತಿಯೆಲ್ಲ ಬ್ಯಾಟರಿಗೆ ಹೋಗುತ್ತೆ. ಎನ್ ಹಾಕಿದ್ರೆ ತಟ್ಟೆ ಕಿತ್ಕೊಂಡ ಹಾಗೆ. ಸಿಗ್ನಲ್ಲಲ್ಲೂ ಅಷ್ಟೇ, ಎನ್‌ನಲ್ಲಿ ಬ್ಯಾಟರಿ ತುಂಬೋದೇ ಇಲ್ಲ, ಏ.ಸಿ. ಸುಮ್ನೆ ತಿಂತಾ ಇರುತ್ತೆ. ಖಾಲಿ ಆದ್ಮೇಲೆ ಎಂಜಿನ್ ಏಳದೆ ಇನ್ನೇನ್ ಮಾಡುತ್ತೆ?"

"ನಲವತ್ತು ವರ್ಷದಿಂದ ಹೀಗೇ ಓಡಿಸ್ತಾ ಇದೀನಮ್ಮಾ."

"ಸ್ಕೂಟರ್ ಭಾವ ಅದು." ಆಮೇಲೆ ಮೆಲ್ಲಗೆ ಅಂದಳು, "ಅಕ್ಕನ್ನ ಎಬ್ಬಿಸ್ತಾ ಇರೋದು ಕಾರಲ್ಲ. ನೀವು."

ಮುಖಕ್ಕೆ ಹೊಡೆದ ಹಾಗಾಯಿತು. ಮೂರು ದಿನ ಕಾರಿನ ಕೀಲಿಯನ್ನೇ ಮುಟ್ಟಲಿಲ್ಲ. ನನ್ನ ಆ ಒಂದು ಕೈಚಳಕವನ್ನು ನಾನು ಇಡೀ ಬಾಳಿನ ಜಾಣತನ ಎಂದುಕೊಂಡಿದ್ದೆ. ಅದೇ ಇಳಿಜಾರಿನಲ್ಲಿ, ಅದೇ ಕೈಯಿಂದ, ಹಿಂದೆ ಅವಳನ್ನು ಮಲಗಿಸಿದ್ದೆ. ಈಗ ಎಬ್ಬಿಸುತ್ತಿದ್ದೆ. ಬೇರೆ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆನೇನೋ. ಟೀಚರಮ್ಮ ಹೇಳಿದ್ದು ಸರಿಯಾಗಿತ್ತು, ಅದೇ ಕಷ್ಟ.

ನಾಲ್ಕನೇ ಬೆಳಿಗ್ಗೆ, ಹಾಲಿನ ಗಾಡಿಗಳು ಬರುವ ಹೊತ್ತಿಗೆ, ಒಬ್ಬನೇ ಕಾರು ತೆಗೆದೆ. ಎನ್‌ಗೆ ತಳ್ಳಬಾರದೆಂದು ಗೇರಿನ ಹಿಡಿಗೆ ನನ್ನ ಕರ್ಚೀಫು ಸುತ್ತಿ ಬಿಗಿಯಾಗಿ ಗಂಟು ಹಾಕಿದ್ದೆ. ಇಳಿಜಾರಿನ ತುದಿಗೆ ಬಂದಾಗ ಕೈ ತಾನಾಗಿ ಹೋಯಿತು, ಬಟ್ಟೆಯ ಗಂಟು ಅಂಗೈಗೆ ಚುಚ್ಚಿತು, ವಾಪಸು ಬಂತು. ಬ್ರೇಕಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟೆ. ಪರದೆಯ ಮೇಲಿನ ಹಸಿರು ಬಾಣ ದಿಕ್ಕು ಬದಲಿಸಿ, ಚಕ್ರದಿಂದ ಬ್ಯಾಟರಿಯ ಕಡೆಗೆ ಹರಿಯತೊಡಗಿತು. ಬ್ಯಾಟರಿಯ ಗುರುತಿನಲ್ಲಿ ಒಂದು ಕಡ್ಡಿ ಏರಿತು. ಇನ್ನೊಂದು. ಕೆಳಗೆ ಬಂದರೂ ಎಂಜಿನ್ ಏಳಲಿಲ್ಲ. ಬೆಳಗಿನ ಮಂಜಿನಲ್ಲಿ ಕಾರು ಸದ್ದಿಲ್ಲದೆ ತೇಲಿಕೊಂಡು ಹೋಗುತ್ತಿತ್ತು. ರಂಗೋಲಿ ಹಾಕುತ್ತಿದ್ದ ಒಬ್ಬ ಹೆಂಗಸಿಗೆ ನಾನು ಹಾದುಹೋದದ್ದೂ ತಿಳಿಯಲಿಲ್ಲ. ಅಯ್ಯೋ ಶಿವನೇ, ಇಷ್ಟು ದಿನ ಇದನ್ನೆಲ್ಲ ಚೆಲ್ಲಿಬಿಟ್ಟೆನಲ್ಲ ಎಂದು ಸ್ಟೇರಿಂಗ್ ಹಿಡಿದು ಅಳುವಂತಾಯಿತು.

ಆ ಟ್ಯಾಂಕಿನ ಲೆಕ್ಕ ಇಪ್ಪತ್ತೆರಡೂವರೆ. ಡೈರಿಯ ಹಿಂದಿನ ಪುಟದಲ್ಲಿ ಇಪ್ಪತ್ತು ನಿಮಿಷ, ಇಪ್ಪತ್ತಾರು. ಕರ್ಚೀಫು ನೋಡಿ ಹೆಂಡತಿ, "ಇದಕ್ಯಾಕ್ರೀ ಕಟ್ಟು ಕಟ್ಟಿದೀರಾ, ಕೈ ಮುರ್ಕೊಂಡಿದ್ಯಾ?" ಎಂದಳು. ದೃಷ್ಟಿಯಾಗದಿರಲಿ ಎಂದು ಕಟ್ಟಿದ್ದು ಎಂದೆ.

ಈಗ ಹೇಳಲು ಹೊರಟಿರುವುದು ಅದಾದ ಮೇಲಿನ ಒಂದು ಶನಿವಾರದ ಮಾತು. ಕೆಂಗೇರಿಯಲ್ಲಿ ಊಟ ಮುಗಿಸಿ ಹೊರಟಾಗ ಮೋಡ ಮುಚ್ಚಿತ್ತು, ಮಳೆಯಿರಲಿಲ್ಲ. ದೊಡ್ಡ ರಸ್ತೆಗೆ ಬರುವ ಮೊದಲೇ ಅವಳು ಮಲಗಿದಳು. ಇಳಿಜಾರು ದಾಟಿತು, ಏಳಲಿಲ್ಲ. ಬಸವೇಶ್ವರನಗರ ಬಂತು, ಏಳಲಿಲ್ಲ. ನಮ್ಮ ಮನೆಯ ಗೇಟಿನ ಮುಂದೆ ಮೇಲಿನ ಬಾಡಿಗೆಯವರ ಸ್ಕೂಟಿ ನಿಂತಿತ್ತು. ನಿಲ್ಲಿಸಿದರೆ ಎಚ್ಚರವಾಗುತ್ತಾಳೆ. ನಿಲ್ಲಿಸಲಿಲ್ಲ. ಮುಂದಿನ ಅಡ್ಡರಸ್ತೆಗೆ ತಿರುಗಿಸಿದೆ, ಅಲ್ಲಿಂದ ಇನ್ನೊಂದಕ್ಕೆ.

ನಲವತ್ತು ವರ್ಷ ಓಡಾಡಿದ ಬಡಾವಣೆಯನ್ನು ನಾನು ಅಂದು ಮೊದಲ ಸಲ ನೋಡಿದೆ ಎನಿಸುತ್ತದೆ. ಮನೆಮನೆಯಲ್ಲೂ ಮಧ್ಯಾಹ್ನದ ಮಂಪರು. ಯಾರದೋ ಕುಕ್ಕರ್ ಕೂಗು, ಯಾವುದೋ ಕಿಟಕಿಯಿಂದ ಮಕ್ಕಳ ಸಂಗೀತ ಪಾಠ, ಕಾಂಪೌಂಡಿನ ಮೇಲೆ ಬೆಕ್ಕು. ರಸ್ತೆಯ ಮೇಲೆ ಹಳದಿ ಹೂವು ಉದುರಿತ್ತು, ಚಕ್ರ ಅದರ ಮೇಲೆ ಹರಿದರೂ ಸದ್ದಿಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ ಕುಳಿತು ಹೊರಗೆ ನೋಡುತ್ತಿದ್ದಾರೆ ಎಂದು ಅನ್ನಿಸಿತು. ಕನ್ನಡಿಯಲ್ಲಿ ನೋಡಲು ಧೈರ್ಯ ಬರಲಿಲ್ಲ. ಇದ್ದರೆ ಇರಲಿ ಎಂದುಕೊಂಡೆ.

ಬ್ಯಾಟರಿ ಮೂರು ಕಡ್ಡಿಗೆ ಇಳಿಯಿತು. ಇಲ್ಲೇ ಸುತ್ತುತ್ತಿದ್ದರೆ ಈ ನಿಶ್ಶಬ್ದದಲ್ಲಿ ಎಂಜಿನ್ ಎದ್ದೇ ಏಳುತ್ತದೆ, ಅವಳೂ ಏಳುತ್ತಾಳೆ. ಆದರೆ ಗಾಡಿ ವೇಗವಾಗಿ ಹೋಗುತ್ತಿರುವಾಗ ಎಂಜಿನ್ ಎದ್ದರೆ ಟೈರಿನ ಸದ್ದಿನಲ್ಲಿ ಅದು ಮುಳುಗಿಹೋಗುತ್ತದೆ, ಅಷ್ಟನ್ನು ನಾನು ಕಲಿತಿದ್ದೆ. ರಿಂಗ್ ರಸ್ತೆಗೆ ಹೋದೆ. ಯಾವ ಕೆಲಸವೂ ಇಲ್ಲದೆ, ಯಾವ ಊರಿಗೂ ಅಲ್ಲದೆ, ಅರವತ್ತರ ವೇಗದಲ್ಲಿ ಅಷ್ಟು ದೂರ ಹೋಗಿ ಅಷ್ಟು ದೂರ ಬಂದೆ. ಪೆಟ್ರೋಲು ಸುಟ್ಟು ಬ್ಯಾಟರಿ ತುಂಬಿಸಿಕೊಂಡು, ಆ ಮೌನವನ್ನು ಮತ್ತೆ ನಮ್ಮ ಬೀದಿಗೆ ತಂದೆ. ಆ ಟ್ಯಾಂಕಿನ ಮೈಲೇಜು ಆಮೇಲೆ ಹಾಳಾಗಿ ಹೋಯಿತು. ಹೋಗಲಿ ಬಿಡಿ.

ಗೇಟಿನ ಮುಂದೆ ಸ್ಕೂಟಿ ಇರಲಿಲ್ಲ. ಹೊಂಗೆ ಮರದಡಿ ಮೆಲ್ಲಗೆ ನಿಲ್ಲಿಸಿದೆ. ಗಾಡಿ ಆರಿಸಿದರೆ ಟಿಂಗ್ ಟಿಂಗ್ ಎಂದು ಕೂಗುತ್ತದೆ, ಏ.ಸಿ. ನಿಂತರೆ ಸೆಕೆಗೆ ಏಳುತ್ತಾಳೆ. ಆರಿಸದೆ ಹಾಗೇ ಕುಳಿತೆ. ನಿಂತ ಗಾಡಿಯನ್ನು ಒಂದು ನಿಮಿಷ ಚಾಲೂ ಇಟ್ಟವರನ್ನು ಕಂಡರೆ ಇಳಿದು ಹೋಗಿ ಬೈದುಬಂದ ಮನುಷ್ಯ ನಾನು.

ಅಂಗಿಯ ಜೇಬಿನಲ್ಲಿ ಫೋನ್ ನಡುಗಿತು. ಕಿವಿಗೆ ಒತ್ತಿಕೊಂಡು ಪಿಸುಗುಟ್ಟಿದೆ, "ಹಲೋ."

"ನಮಸ್ತೆ ಸಾರ್, ನಿಮ್ಮ ಹೈಬ್ರಿಡ್ ಕಾರಿನ ಬಗ್ಗೆ ಎರಡು ನಿಮಿಷ..."

"ಬೇಗ ಕೇಳಮ್ಮಾ."

"ಮೈಲೇಜ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಾ ಸಾರ್?"

"ಹತ್ತು."

"ಒಟ್ಟಾರೆ ತೃಪ್ತಿಗೆ ಸಾರ್?"

"ಅದಕ್ಕೂ ಹತ್ತು."

ಆ ಕಡೆ ಕಂಪ್ಯೂಟರಿನ ಕೀಲಿ ಒತ್ತುವ ಸದ್ದು ಕೇಳಿಸಿತು. "ಸಾರ್, ಹೋದ ಸಲ ಎರಡು ಕೊಟ್ಟಿದ್ರಿ ಅಂತ ಇದೆ. ಕಾರಣ ಏನು ಅಂತ ಬರ್ಕೊಳ್ಲಾ?"

"ನಮ್ಮನೆಯವ್ಳು ಮಲ್ಗಿದಾಳೆ ಕಣಮ್ಮಾ. ಅಷ್ಟೇ ಬರ್ಕೋ" ಎಂದು ಇಟ್ಟೆ. ಅವಳು ಏನು ಬರೆದುಕೊಂಡಳೋ ದೇವರೇ ಬಲ್ಲ.

ಗಡಿಯಾರ ನೋಡಿದೆ. ಕೆಂಗೇರಿ ಬಿಟ್ಟು ಒಂದೂವರೆ ಗಂಟೆಯ ಮೇಲಾಗಿತ್ತು. ಬ್ಯಾಟರಿ ಮತ್ತೆ ಇಳಿಯತೊಡಗಿತು. ನಾಲ್ಕು ಕಡ್ಡಿ. ಮೂರು. ಕಾರು ನಿಂತಿತ್ತು, ಬೀದಿಯಲ್ಲಿ ಎಲೆ ಅಲ್ಲಾಡುವ ಸದ್ದೂ ಇರಲಿಲ್ಲ. ಈಗ ಎಂಜಿನ್ ಎದ್ದರೆ ಅದರ ಸದ್ದು ಮುಚ್ಚಲು ಏನೂ ಇಲ್ಲ. ಎರಡು. ಏ.ಸಿ. ಕಮ್ಮಿ ಮಾಡಿದೆ. ಇನ್ನೊಂದೈದು ನಿಮಿಷ, ಇನ್ನೊಂದೈದು ನಿಮಿಷ ಎಂದು ಆ ಕಡ್ಡಿಗಳನ್ನೇ ಬೇಡಿಕೊಂಡೆ.

ಗುರ್‌ರ್.

ಅವಳ ಮೈ ಬೆಚ್ಚಿತು. ಕಣ್ಣು ಮುಚ್ಚಿಯೇ ಇತ್ತು, ಕೈ ಮಾತ್ರ ಎದ್ದು ಸೀಟ್‌ಬೆಲ್ಟಿನ ಗುಂಡಿಯ ಕಡೆ ಹೋಯಿತು. "ಅತ್ತೆ..." ಎಂದಳು.

ನಾನು ಆ ಕೈಯನ್ನು ಹಿಡಿದುಕೊಂಡೆ. ಸ್ಕೂಟರಿನ ಮೇಲೆ ಹಿಡಿದುಕೊಳ್ಳುತ್ತಿದ್ದ ಹಾಗೆಯೇ, ಎಡಗೈಯಿಂದ.

"ನಾನ್ ನೋಡ್ಕೋತೀನಿ ಕಣೇ" ಎಂದೆ. "ನೀನ್ ಮಲಕ್ಕೋ."

ಆರು ವರ್ಷದಲ್ಲಿ ಒಂದು ರಾತ್ರಿಯೂ ಹೇಳದ ಮಾತು ಅದು.

"ಹ್ಞೂಂ" ಎಂದಳು. ಕೈ ಸಡಿಲವಾಯಿತು. ತಲೆ ವಾಲಿಕೊಂಡು ಬಂದು ನನ್ನ ಭುಜಕ್ಕೆ ಒರಗಿತು. ಎಂಜಿನ್ ಓಡುತ್ತಲೇ ಇತ್ತು. ನಾನು ಆರಿಸಲಿಲ್ಲ.